ಹುಲಿಗೆಮ್ಮನ ತಗಡಿನ ಅಕ್ಷರ

ಯಾವ ಅಕ್ಷರ ಕಂಡರೂ ಹುಲಿಗೆಮ್ಮನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅದರಲ್ಲಿ ಉದುರಿಹೋಗುವ ಭಾಗ. ಬಸ್ಸಿನ ಬೋರ್ಡು ನೋಡಿದರೂ ಅಷ್ಟೇ. "ಈ ಠ ನೋಡು, ಕೊಂಡಿ ಇಲ್ಲಂದ್ರ ಇದರ ಹೊಟ್ಟಿ ಬೊಟ್ಟಿನ ಸಮೇತ ನೆಲಕ್ಕ ಬೀಳ್ತೈತಿ" ಎನ್ನುವಳು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದು ಆಮೇಲಿನ ಮಾತು.

ಕೊಟ್ಟೂರಿನಲ್ಲಿ ಅವಳ ಗಂಡನದು ಟ್ರಂಕಿನ ಅಂಗಡಿ. ಅದರ ಮುಂದೆ ಕೂತು ಅವಳು ಉಳಿ ಸುತ್ತಿಗೆಯಿಂದ ತಗಡಿನಲ್ಲಿ ಅಕ್ಷರ ಕೊರೆದು ಅಚ್ಚು ಮಾಡುತ್ತಿದ್ದಳು. ಅಚ್ಚನ್ನು ಗೋಡೆಗೋ ಚೀಲಕ್ಕೋ ಒತ್ತಿ ಹಿಡಿದು ಬಣ್ಣ ಬಡಿದರೆ ಅಕ್ಷರ ಮೂಡುತ್ತದೆ. ದುಂಡಕ್ಷರದ ಒಳಗಿನ ತುಂಡು ಬೀಳದಂತೆ ನಡುವೆ ಕೊರೆಯದೆ ಬಿಡುವ ಸಣ್ಣ ಪಟ್ಟಿಯೇ ಕೊಂಡಿ. ಹೆಬ್ಬೆರಳಿನಷ್ಟು ದಪ್ಪದ, ಮೊಂಡು ತುದಿಯ ಅವಳ ಅಕ್ಷರಗಳು ಹರಪನಹಳ್ಳಿಯ ಮೆಕ್ಕೆಜೋಳದ ಚೀಲಗಳ ಮೇಲೆ, ಹಡಗಲಿಯ ಹೂವಿನ ಪೆಟ್ಟಿಗೆಗಳ ಮೇಲೆ, ಕೂಡ್ಲಿಗಿ ಕಡೆಯ ಲಾರಿ ಬಾಗಿಲುಗಳ ಮೇಲೆ ಓಡಾಡುತ್ತಿದ್ದವು. ಜನ ದೂರದಿಂದಲೇ ಗುರುತು ಹಿಡಿಯುತ್ತಿದ್ದರು. ಅವಳಿಗೂ ಜಂಬ ಕಡಿಮೆಯಿರಲಿಲ್ಲ. "ನಾ ಸಹಿ ಯಾಕ ಹಾಕ್ಬೇಕಲೇ? ನನ್ನ ಅಕ್ಷರಾನ ಸಹಿ."

ನಾನು ಹತ್ತಿರದ ಒಂದು ಹಳ್ಳಿಯಲ್ಲಿ ನೀರು ಬಿಡುವ ವಾಟರ್‌ಮ್ಯಾನ್ ಆಗಿದ್ದೆ. ಊರಿನ ಹೆಸರು ಬೇಡ. ಅವಳ ಪರಿಚಯವಾದದ್ದು ನನ್ನ ದಡ್ಡತನದಿಂದ. ದನದ ತೊಟ್ಟಿಗೆ 'ದನಕ್ಕೆ ಮಾತ್ರ' ಎಂದು ಬರೆಯಲು ನಾನೇ ರಟ್ಟು ಕೊರೆದು, ಸೀಳು ಬಾಗದಿರಲೆಂದು ದ ಅಕ್ಷರದ ಬುಡದಲ್ಲಿ ಕೊಂಡಿ ಬಿಟ್ಟಿದ್ದೆ. ಬಣ್ಣ ಬಡಿದಾಗ ಹೊಟ್ಟೆ ಸೀಳಿದ ಧ ಆಯಿತು. 'ಧನಕ್ಕೆ ಮಾತ್ರ.' ಊರವರು ಬಿಡಲಿಲ್ಲ. "ಏನೋ ಮಾವಾ, ರೊಕ್ಕ ಇದ್ದೋರಿಗೆ ಮಾತ್ರ ನೀರೇನು?" ಹುಲಿಗೆಮ್ಮ ಆ ರಟ್ಟು ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ತಮ್ಮಾ, ಕನ್ನಡದಾಗ ಬುಡಕ್ಕ ಕೈ ಹಾಕಬಾರದೋ, ಅರ್ಥಾನ ಬದಲಾಗ್ತೈತಿ" ಎಂದು ಬೇರೆ ಅಚ್ಚು ಕೊರೆದುಕೊಟ್ಟಳು. ಅಂದಿನಿಂದ ಅವಳು ನನಗೆ ಅಕ್ಕ. ಮುಂದೆ ಅವಳ ಮಗಳನ್ನು ನಮ್ಮೂರಿಗೇ ಕೊಟ್ಟರು.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಹೊಸ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಕುಡಿದರೆ ಹಲ್ಲು ಮೂಳೆ ಕೆಡುತ್ತವೆ ಎಂದು ವರದಿ ಬಂತು. ಟ್ಯಾಂಕಿನ ಮೇಲೆ ಕೆಂಪು ಬಣ್ಣದಲ್ಲಿ 'ಈ ನೀರು ಕುಡಿಯಲು ಯೋಗ್ಯವಲ್ಲ' ಎಂದು ಬರೆಸಬೇಕಿತ್ತು. ಹುಲಿಗೆಮ್ಮ ಅಚ್ಚು ಕೊರೆದಳು. ಬಣ್ಣ ಬಡಿಯುವ ಮೊದಲೇ ಪಂಚಾಯ್ತಿಯ ಒಬ್ಬ ಮೆಂಬರು ನನ್ನನ್ನು ಬದಿಗೆ ಕರೆದ. "ಶುದ್ಧ ನೀರಿನ ಘಟಕ ಇನ್ನೇನು ಬಂದಾ ಬಿಡ್ತೈತಿ. ಅಲ್ಲೀತನಕ ಹೆಣ್ಮಕ್ಳು ಖಾಲಿ ಕೊಡ ಹಿಡ್ಕಂಡು ನನ್ನ ಬಾಗಿಲಿಗೆ ಬಂದ್ರ, ಮೊದಲು ಹೋಗೋದು ನಿನ್ನ ಕೆಲಸ." ನಾನು ಮನೆಗೆ ಹೋಗಿ ಅಚ್ಚಿನ ಕೊನೆಯ 'ವಲ್ಲ' ಮುಚ್ಚುವಂತೆ ದಪ್ಪ ಕಾಗದ ಅಂಟಿಸಿದೆ. ಕೆಂಪು ಬಿಟ್ಟು ನೀಲಿ ಬಣ್ಣ ಬಡಿದೆ. 'ಈ ನೀರು ಕುಡಿಯಲು ಯೋಗ್ಯ.' ಹುಲಿಗೆಮ್ಮನ ಅಕ್ಷರವೆಂದು ಊರೇ ನಂಬಿತು. ಘಟಕ ಬರಲಿಲ್ಲ.

ಮುಂದೊಮ್ಮೆ ಅವಳ ಅಂಗಡಿಗೆ ಹೋದಾಗ ಚಹಾ ತರಿಸಿದಳು. ಬೋರು ರಿಪೇರಿ ಆಗಿರಬೇಕು ಎಂದುಕೊಂಡಿದ್ದಳು. "ನನ್ನ ಮಗಳು ಹೇಳಿದ್ಲು, ಈಗ ಟ್ಯಾಂಕಿನ ಮ್ಯಾಲ ನೀಲಿ ಬಣ್ಣದಾಗ ಚೊಲೋ ನೀರು ಅಂತ ಬರದೈತಂತ. ನನ್ನ ಅಕ್ಷರ ನೋಡಿ ನನ್ನ ಮೊಮ್ಮಗಳು ನೀರು ಕುಡೀತಾಳ ನೋಡು!" ಎಂದು ಎದೆ ತಟ್ಟಿಕೊಂಡಳು. ಆ ಮಗುವಿಗೆ ಆಗಿನ್ನೂ ಹಾಲುಹಲ್ಲು. ನಾನು ಬಾಯಿ ತೆರೆಯಬಹುದಿತ್ತು. ಚಹಾ ಕುಡಿದು ಎದ್ದು ಬಂದೆ. ಕಾಗದ ಅಂಟಿಸಿದ್ದಕ್ಕಿಂತ ಆ ಚಹಾ ಕುಡಿದದ್ದೇ ಇವತ್ತಿಗೂ ಹೆಚ್ಚು ನೆನಪಾಗುತ್ತದೆ.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಮೇಲೆ ಒಂದು ಮಧ್ಯಾಹ್ನ ಹುಲಿಗೆಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಇನ್ನೊಂದು ಕೈಯಲ್ಲಿ ಮೊಮ್ಮಗಳು.

"ಅಜ್ಜಗ ಹಲ್ಲು ತೋರ್ಸವ್ವಾ."

ಮಗು ನಕ್ಕಿತು. ಹೊಸ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳು. ಅವಳು ಬೈಯುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ ಎಂದು ಕಾದೆ. "ಅಚ್ಚು ತಗಂಡ್ ಬಾ" ಎಂದಳು, ಅಷ್ಟೇ.

ಟ್ಯಾಂಕಿನ ಹತ್ತಿರ ಅಚ್ಚಿನ ಕಾಗದವನ್ನು ಅವಳೇ ಉಗುರಿನಿಂದ ಕೆರೆದು ಕಿತ್ತಳು. ನಾನು ಅಚ್ಚು ಹಿಡಿದೆ. ಬಟ್ಟೆಯ ಉಂಡೆ ಅದ್ದಿ ಅವಳು 'ವಲ್ಲ' ಬಡಿದಳು. ನೀಲಿ ಸಾಲಿನ ಕೊನೆಗೆ ಕೆಂಪು ಅಕ್ಷರ ಇಳಿದು ನಿಂತವು. ನಲ್ಲಿಗೆ ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ತುಂಬಿದ ಕೊಡ ಬಗ್ಗಿಸಿ ಚೆಲ್ಲಿದರು. ಎಲ್ಲರೂ ನನ್ನನ್ನೇ ನೋಡಿದರು.

ಹುಲಿಗೆಮ್ಮ ಈಗಿಲ್ಲ. ಅವಳು ಹೋದ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ. ನಮ್ಮಿಬ್ಬರ ಕೊನೆಯ ಮಾತು ಆ ಟ್ಯಾಂಕಿನ ಬುಡದಲ್ಲೇ ಮುಗಿಯಿತು.

"ತಮ್ಮಾ, ಕಾಗದ ಅಂಟ್ಸುವಾಗ ನಿನ್ನ ಕೈ ನಡುಗ್ತೇನು?"

ಸುಳ್ಳು ಹೇಳಲಾಗಲಿಲ್ಲ. "ಇಲ್ಲಕ್ಕಾ."

"ಹೌದಲ್ಲ, ನಡುಗಿಲ್ಲ" ಎಂದು ಮೊಮ್ಮಗಳ ಕೈ ಹಿಡಿದಳು. "ನಡುಗಿದ್ರ ವ ಅಕ್ಷರದ್ದು ಒಂದು ಚೂರರ ಹೊರಗ ಬೀಳ್ತಿತ್ತು. ಯಾರರ ನೋಡಿ, ಇದೇನಪಾ ಅಂತ ಕೇಳ್ತಿದ್ರು."