ಉಮ್ ಸಾಮಿಯ ನೀಲಿ ಅಂಚಿನ ಬಟ್ಟಲು

ನನ್ನ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಬಟ್ಟಲಿದೆ. ಬಿಳಿ ಪಿಂಗಾಣಿ ಬಳಿದ ತಗಡಿನದು; ಅಂಚಿಗೆ ನೀಲಿ ಗೆರೆ; ಒಂದು ಕಡೆ ಬಿಳುಪು ಎದ್ದುಹೋಗಿ ಕಿರುಬೆರಳ ಉಗುರಿನಷ್ಟು ಕಪ್ಪು ಕಾಣುತ್ತದೆ. ಬಳಸದ ಪಾತ್ರೆಯನ್ನು ಯಾವ ಹೆಂಗಸಾದರೂ ಕವುಚಿಡುತ್ತಾಳೆ, ಇದು ಮಾತ್ರ ಅಂಗಾತ ಕೂತಿದೆ. ಮನೆಗೆ ಬಂದ ಗೆಳತಿಯರು ಧೂಳು ಬೀಳುತ್ತದೆಂದು ಅದನ್ನು ಕವುಚಿ ಹೋಗುತ್ತಾರೆ, ಅವರು ಹೋದ ಮೇಲೆ ನಾನು ಮತ್ತೆ ಅಂಗಾತ ಮಾಡುತ್ತೇನೆ. ಪಾಯಸ ಬಡಿಸಲು ಪಾತ್ರೆ ಸಾಲದೆ ಯಾರಾದರೂ ಅದಕ್ಕೆ ಕೈ ಚಾಚಿದರೆ, ಬೇಡ, ಅದು ಬೇರೆಯವರದು ಎನ್ನುತ್ತೇನೆ. ಯಾರದು ಎಂದು ನೀವು ಕೇಳಿದರೆ ಉತ್ತರ ಸ್ವಲ್ಪ ಉದ್ದವಿದೆ, ಕೂತು ಕೇಳಬೇಕು.

ನಾನು ಕಾರ್ಕಳದ ಕಡೆಯ ಕೊಂಕಣಿ ಕ್ರೈಸ್ತರ ಮನೆಯವಳು. ನಮ್ಮಲ್ಲಿ ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅಮ್ಮ ಏನಿಲ್ಲವೆಂದರೂ ನಾಲ್ಕು ಹಸಿಮೆಣಸು, ಒಂದು ನಿಂಬೆಹಣ್ಣು ಹಾಕಿ ಕಳಿಸುತ್ತಿದ್ದಳು. ಅದು ವ್ಯವಹಾರವಲ್ಲ, ಸಮಕ್ಕೆ ಸಮ ಕೊಡುವ ಲೆಕ್ಕವೂ ಅಲ್ಲ. ನಿನ್ನ ಮನೆ ನನ್ನ ನೆನಪಿನಲ್ಲಿದೆ ಎಂದು ಬಾಯಿಬಿಟ್ಟು ಹೇಳದೆ ಹೇಳುವ ರೀತಿ. ಹೀಗೆ ನೆಲ ಬಿಟ್ಟು ಬಂದರೂ ನಡತೆ ಬಿಡದೆ, ಮದುವೆಯಾಗಿ ಕುವೈತಿನ ರಿಗ್ಗೈಗೆ ಬಂದ ಮೇಲೂ ನಾನು ಅದನ್ನೇ ಪಾಲಿಸಿದೆ. ನಮ್ಮ ಎದುರು ಮನೆಯ ಉಮ್ ಸಾಮಿ, ಅಂದರೆ ಸಾಮಿಯ ತಾಯಿ, ಪ್ಯಾಲೆಸ್ತೀನಿನ ವಿಧವೆ, ಒಂದು ಕಾಲೆಳೆದು ನಡೆಯುವವಳು. ಮಗ ಶಾಲೆಯಲ್ಲಿ ಮೇಷ್ಟ್ರು. ನನ್ನ ಮಗಳ ಹೆಸರು ಶಾಂತಿಯಾದ್ದರಿಂದ ಅವಳ ಬಾಯಲ್ಲಿ ನಾನು ಉಮ್ ಶಾಂತಿ; ಪ್ರೀತಿ ಉಕ್ಕಿದಾಗ ಬಿನ್ತಿ, ಮಗಳೇ. ನನ್ನ ಹರುಕು ಅರಬಿಗೂ ಅವಳ ಇನ್ನಷ್ಟು ಹರುಕು ಇಂಗ್ಲಿಷಿಗೂ ನಡುವೆ ಪಾತ್ರೆಗಳು ಓಡಾಡುತ್ತಿದ್ದವು, ಒಂದೂ ಬರಿದಾಗಿ ದಾಟಿದ್ದಿಲ್ಲ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ನಮ್ಮವರೆಲ್ಲ ಬಸ್ಸು ಹತ್ತಿ ಮರಳುಗಾಡು ದಾಟಿ ಊರು ಸೇರುತ್ತಿದ್ದರೆ, ನಮ್ಮ ಬಸ್ಸು ಹೊರಡುವ ಹೊತ್ತಿಗೆ ಶಾಂತಿಗೆ ಟೈಫಾಯ್ಡ್. ಅವಳೆದ್ದು ಕೂರುವಷ್ಟರಲ್ಲಿ ಬಸ್ಸುಗಳು ಮುಗಿದವು. ನನ್ನ ಗಂಡ, ಇವರು, ಆಸ್ಪತ್ರೆಯ ಲ್ಯಾಬಿನಲ್ಲಿದ್ದದ್ದರಿಂದ ಕೆಲಸವೇನೋ ಉಳಿಯಿತು, ಆದರೆ ಅಂಗಡಿಗಳಲ್ಲಿ ಏನೂ ಉಳಿಯಲಿಲ್ಲ. ಸಂಜೆ ಜಪಸರ ಮುಗಿದ ಮೇಲೆ ಆ ದಿನ ದೇವರು ಮಾಡಿದ ಉಪಕಾರಗಳನ್ನು ಒಂದೊಂದೇ ಎಣಿಸುವುದು ನಮ್ಮ ಮನೆಯ ರೂಢಿ. ನಲ್ಲಿಯಲ್ಲಿ ನೀರು ಬಂತು. ಜ್ವರ ಇಳಿಯಿತು. ಇವರು ಚೆಕ್‌ಪೋಸ್ಟ್ ದಾಟಿ ಮನೆ ಸೇರಿದರು. ಒಂದು ಸಂಜೆ ಎಷ್ಟು ಹುಡುಕಿದರೂ ಎಣಿಸಲು ಏನೂ ಸಿಗದೆ ನಾನು ಜಪಸರ ಎತ್ತಿಡುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಉಮ್ ಸಾಮಿ, ಕೈಯಲ್ಲಿ ಈ ಬಟ್ಟಲು, ಅದರ ತುಂಬ ಜೀರಿಗೆ ಹಾಕಿದ ಮಸೂರ ಬೇಳೆಯ ಗಂಜಿ.

ಮಗು ಬಟ್ಟಲು ನೆಕ್ಕಿತು. ನಾನು ತೊಳೆದು ಹಿಂದಿರುಗಿಸಲು ಹೊರಟು, ಹಾಕಲೇನಿದೆ ಎಂದು ಡಬ್ಬಿಗಳನ್ನು ತೆರೆದೆ. ಉಪ್ಪಿತ್ತು. ಗಂಜಿ ಕೊಟ್ಟವಳಿಗೆ ಚಿಟಿಕೆ ಉಪ್ಪು ಕೊಡುವುದೇ ಎಂದು ನಾಚಿಕೆಯಾಗಿ ಬಟ್ಟಲನ್ನು ಇಟ್ಟುಕೊಂಡೆ. ನಾಳೆ ಏನಾದರೂ ಸಿಕ್ಕರೆ ತುಂಬಿಸಿ ಕೊಡೋಣ ಎಂದುಕೊಂಡೆ. ಅವಳು ಮತ್ತೆ ಬೇರೆ ಪಾತ್ರೆಯಲ್ಲಿ ತಂದಳು, ಅದನ್ನು ನಮ್ಮ ತಪಲೆಗೆ ಸುರಿದು ಪಾತ್ರೆಯನ್ನು ತಾನೇ ಒಯ್ದಳು. ಈ ಬಟ್ಟಲಿನ ಸುದ್ದಿ ಎತ್ತಲಿಲ್ಲ. ಸೈನ್ಯ ಹೋಗುವವರೆಗೂ ಅವಳ ಒಲೆ ನಮ್ಮ ಮೂವರನ್ನು ಸಾಕಿತು.

ಆ ವರ್ಷದ ಕ್ರಿಸ್ಮಸ್ಸಿಗೆ ಹಳೆಯ ತಲೆದಿಂಬು ಬಿಚ್ಚಿ ಗೋದಲಿಗೆ ಹತ್ತಿಯ ಹಿಮ ಹರಡಿದ್ದೆ. ಹಿಮ ಎಂದರೆ ನನಗೂ ಶಾಂತಿಗೂ ಅಷ್ಟೇ, ಹತ್ತಿ. ಉಮ್ ಸಾಮಿ ನೋಡಿ ಸೊಂಟಕ್ಕೆ ಕೈಯಿಟ್ಟು ನಕ್ಕಳು. ನಿಮ್ಮ ಯೇಸು, ಅವಳ ಬಾಯಲ್ಲಿ ಈಸಾ, ನಮ್ಮ ಪಕ್ಕದೂರಿನ ಹುಡುಗ, ಅಲ್ಲಿಯ ಹಿಮ ಹೇಗಿರುತ್ತದೆಂದು ನನ್ನನ್ನು ಕೇಳು, ಹೀಗೆ ಹಾಸಿಗೆ ಹರಿದ ಹಾಗೆ ಇರುವುದಿಲ್ಲ ಎಂದಳು. ತನ್ನ ಬೆಟ್ಟದೂರಿನಲ್ಲಿ ಚಿಕ್ಕಂದಿನಲ್ಲಿ ಮನೆಯ ಮಾಳಿಗೆಯಿಂದ ಹೊಸ ಹಿಮವನ್ನು ಬಟ್ಟಲಿಗೆ ತೋಡಿ, ಮೇಲೆ ದ್ರಾಕ್ಷಿಯ ಬೆಲ್ಲದ ಪಾಕ ಸುರಿದು ತಿನ್ನುತ್ತಿದ್ದುದನ್ನು ಕೈಬಾಯಿ ಆಡಿಸಿ ತೋರಿಸಿದಳು. ಶಾಂತಿ ಬಾಯಿ ಚಪ್ಪರಿಸಿ, ಇಲ್ಲಿ ಯಾವಾಗ ಬೀಳುತ್ತದೆ ಎಂದು ಕೇಳಿದಳು.

ಬಿತ್ತು. ಫೆಬ್ರವರಿ ಕೊನೆಗೆ ಸೈನ್ಯ ಓಡಿತು, ಓಡುವಾಗ ಎಣ್ಣೆಬಾವಿಗಳಿಗೆ ಬೆಂಕಿಯಿಟ್ಟಿತು. ಒಂದು ಬೆಳಿಗ್ಗೆ ಬಾಲ್ಕನಿಯಿಂದ ಮಗಳು, "ಮಮ್ಮಿ, ಸ್ನೋ, ಬಟ್ ಬ್ಲ್ಯಾಕ್" ಎಂದು ಕರೆದಳು. ಆಕಾಶದಿಂದ ಮಸಿ ಸದ್ದಿಲ್ಲದೆ, ಅವಸರವಿಲ್ಲದೆ ಇಳಿಯುತ್ತಿತ್ತು. ಕರಾವಳಿಯ ಹೆಂಗಸು ನಾನು; ಕೊಳೆ ಕಂಡರೆ ನೀರು ಎಂದಷ್ಟೇ ಗೊತ್ತು. ಒದ್ದೆ ಬಟ್ಟೆ ತಂದು ಉಜ್ಜಿದೆ. ಎಣ್ಣೆಮಸಿ ಗೋಡೆಗೆ, ಕಂಬಿಗೆ, ನನ್ನ ಮೊಣಕೈವರೆಗೆ ಹರಡಿತು. ಎದುರು ಮನೆಯಿಂದ ಬಂದ ಉಮ್ ಸಾಮಿ ನನ್ನ ಕೈಯ ಬಟ್ಟೆ ಕಸಿದು, ತನ್ನ ಗೋಧಿಹಿಟ್ಟನ್ನು ಒಂದು ಹಿಡಿ ಚೆಲ್ಲಿ, ಅದು ಎಣ್ಣೆ ಕುಡಿಯುವವರೆಗೆ ಕಾದು, ಒಣಬಟ್ಟೆಯಿಂದ ಮೆಲ್ಲಗೆ ಎತ್ತಿ ತೆಗೆದಳು. ರೊಟ್ಟಿಗಿದ್ದ ಹಿಟ್ಟು ಅದು.

ಹಿಮ ಬೀಳುವ ದೇಶದವರ ದಿನಚರಿ ಹೇಗೋ ನಾನರಿಯೆ, ನಮ್ಮ ಕಪ್ಪು ಹಿಮದ ದಿನಚರಿ ಹೇಳುತ್ತೇನೆ. ಬೆಳಿಗ್ಗೆ ಎದ್ದೊಡನೆ ಶಿಲುಬೆಯ ಗುರುತು, ಆಮೇಲೆ ಗಾಳಿ ಯಾವ ಕಡೆಯದೆಂದು ನೋಡುವುದು. ಉತ್ತರದ ಗಾಳಿಯಾದರೆ ಅಂದು ಸೂರ್ಯನುಂಟು. ದಕ್ಷಿಣದ್ದಾದರೆ ನಡುಮಧ್ಯಾಹ್ನ ಮೇಣದ ಬತ್ತಿ ಹಚ್ಚಿ ಅಕ್ಕಿ ಆರಿಸಬೇಕು. ಬಟ್ಟೆ ಒಣಗುವುದು ನಡುಮನೆಯೊಳಗೆ ಅಡ್ಡ ಕಟ್ಟಿದ ಹಗ್ಗದ ಮೇಲೆ. ಎಲ್ಲ ತಪಲೆಗೂ ಮುಚ್ಚಳ, ಮುಚ್ಚಳದ ಮೇಲೆ ಬಟ್ಟೆ. ಬೀದಿಯ ಬಿಳಿ ಬೆಕ್ಕು ಕರಿಬೆಕ್ಕಾಗಿ, ಅದರ ಮರಿಗಳೇ ಅದರ ಗುರುತು ಹಿಡಿಯದೆ ಹಿಂಜರಿದವು. ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬೇರೆ. ಬೂದಿ ಬುಧವಾರದಂದು ಹಣೆಗೆ ಚೂರೇ ಚೂರು ಹಚ್ಚಿಸಿಕೊಳ್ಳುವ ಬೂದಿಯನ್ನು ದೇವರು ಈ ಸಲ ಇಡೀ ಊರಿಗೆ ಧಾರಾಳವಾಗಿ ಹಚ್ಚುತ್ತಿದ್ದಾನೆ ಎನಿಸುತ್ತಿತ್ತು. ಆದರೂ ಎಣಿಸಿದೆ: ಕೆಮ್ಮು ಮಗುವಿನ ಎದೆಗಿಳಿಯಲಿಲ್ಲ, ಒಂದು. ರೇಷನ್ನಿನಲ್ಲಿ ರವೆ, ಸಕ್ಕರೆ, ಡಬ್ಬಿ ಹಾಲು ಬಂತು, ಎರಡು.

ಹೌದು, ರವೆ ಬಂತು. ಬಟ್ಟಲು ತುಂಬಿಸಲು ಈಗ ಮನೆಯಲ್ಲಿ ಇತ್ತು. ಆದರೆ ಅಷ್ಟರಲ್ಲಿ ಬೀದಿ ಬದಲಾಗಿತ್ತು. ಪ್ಯಾಲೆಸ್ತೀನಿನ ನಾಯಕರು ಯುದ್ಧದಲ್ಲಿ ಇರಾಕಿನ ಪಕ್ಷ ಹಿಡಿದದ್ದಕ್ಕೆ ಕುವೈತಿನವರ ಸಿಟ್ಟೆಲ್ಲ ಇಲ್ಲಿ ರೊಟ್ಟಿ ತಟ್ಟುತ್ತಿದ್ದವರ ತಲೆಗೆ ಬಂತು. ಸಾಮಿಯನ್ನು ವಿಚಾರಣೆಗೆಂದು ಒಯ್ದರು. ಹನ್ನೊಂದು ದಿನದ ಮೇಲೆ ಮರಳಿದವನು ಮಾತು ಕಡಿಮೆ ಮಾಡಿದ. ಅವರ ಬಾಗಿಲಿಗೆ ಹೋದವರ ಹೆಸರನ್ನೂ ಬರೆದುಕೊಳ್ಳುತ್ತಾರಂತೆ ಎಂದು ಕಟ್ಟಡದಲ್ಲಿ ಪಿಸುಮಾತು. ಇವರು ಒಂದು ದಿನ ಊಟದ ತಟ್ಟೆಯಿಂದ ತಲೆಯೆತ್ತದೆ ಹೇಳಿದರು, "ಸ್ವಲ್ಪ ದಿನ ಆ ಕಡೆ ಹೋಗಬೇಡ. ನಮ್ಮ ಇಕಾಮಾ ಇನ್ನೂ ಹೊಸತಾಗಿಲ್ಲ." ಈ ದೇಶದಲ್ಲಿ ಇರುವ ಪರವಾನಗಿಯೇ ಇಲ್ಲದವರಿಗೆ ಹೆದರಬೇಡಿ ಎನ್ನುವುದು ಹೇಗೆ? ಹೇಳಿದ ಮೇಲೆ ಅವರೂ ತಟ್ಟೆ ಸರಿಸಿ ಎದ್ದರು. ಆ ಒಲೆಯ ಅನ್ನ ಅವರೂ ಉಂಡಿದ್ದರಲ್ಲ.

ಆಗ ನಾನು ಮಾಡಿದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ತುಂಬಿಸಲು ಏನೂ ಇಲ್ಲ ಎಂಬುದು ಮೊದಲು ನಿಜವಾದ ಕಾರಣವಾಗಿತ್ತು. ರವೆ ಬಂದ ಮೇಲೆಯೂ ನಾನು ಅದನ್ನೇ ನನಗೆ ಹೇಳಿಕೊಂಡೆ: ಏಲಕ್ಕಿಯಿಲ್ಲ, ತುಪ್ಪ ಬರಲಿ, ಬರಿ ಶಿರಾ ಹೇಗೆ ಕೊಡುವುದು? ಅಮ್ಮ ಕಲಿಸಿದ ಮರ್ಯಾದೆಯ ಹಿಂದೆ ನನ್ನ ಹೆದರಿಕೆಯನ್ನು ಬಚ್ಚಿಟ್ಟೆ. ಮೆಟ್ಟಿಲಲ್ಲಿ ಉಮ್ ಸಾಮಿ ಎದುರಾದರೆ ನಗುತ್ತಿದ್ದೆ, ನಿಲ್ಲುತ್ತಿರಲಿಲ್ಲ.

ಜೂನಿನಲ್ಲಿ ಅವರು ಅಮ್ಮಾನ್ ನಗರಕ್ಕೆ ಹೊರಟರು. ಹೊರಡಬೇಕಾಯಿತು ಎನ್ನಬೇಕು. ಆ ದಿನ ಇವರು ಡ್ಯೂಟಿಯಲ್ಲಿ, ಶಾಂತಿ ಮಲಗಿದ್ದಳು. ಬೆಳಿಗ್ಗೆಯೇ ಶಿರಾ ಮಾಡಿ ಬಟ್ಟಲಿಗೆ ತುಂಬಿ, ಕೊನೆ ಗಳಿಗೆಯ ಗಡಿಬಿಡಿಯಲ್ಲಿ ಕೊಟ್ಟರೆ ಯಾರೂ ಗಮನಿಸುವುದಿಲ್ಲ ಎಂದು ಕಾದೆ. ವ್ಯಾನಿನ ಸದ್ದು ಕೇಳಿ ಹೊರಬಂದರೆ ಎದುರು ಮನೆಗೆ ಬೀಗ. ಬಟ್ಟಲಿಗೆ ತಟ್ಟೆ ಮುಚ್ಚಿ ಒಂದು ಅಂತಸ್ತು ಇಳಿದೆ. ಮೆಟ್ಟಿಲ ತಿರುವಿನ ಕಿಟಕಿಯಿಂದ ನೋಡಿದೆ. ವ್ಯಾನಿನ ಪಕ್ಕ ಬಂದೂಕು ಹಿಡಿದ ಇಬ್ಬರು ಸಾಮಿಯ ಕಾಗದ ನೋಡುತ್ತಿದ್ದರು. ಮಸಿ ದಟ್ಟವಾಗಿ ಬೀಳುತ್ತಿತ್ತು. ನಾನು ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ತುಂಬಿದ ಬಟ್ಟಲು ಮಡಿಲಲ್ಲಿ, ಕಣ್ಣು ಮುಚ್ಚಿ, ನಮೋ ಮರಿಯ ಜಪ ಹೇಳುತ್ತ, ಒಂದು, ಎರಡು, ಮೂರು. ಹತ್ತು ಹೇಳುವಷ್ಟರಲ್ಲಿ ವ್ಯಾನಿನ ಬಾಗಿಲು ಹಾಕಿದ ಸದ್ದು ಕೇಳಿತು.

ಆಮೇಲೆ ಇಳಿದೆ. ಬೀದಿಯ ಕಪ್ಪು ಹಾಸಿನ ಮೇಲೆ ಚಕ್ರದ ಎರಡು ಗೆರೆ. ಹಿಮದಲ್ಲಿ ಹೀಗೆಯೇ ಗುರುತು ಮೂಡುತ್ತದೆಂದು ಅವಳೇ ಹೇಳಿದ್ದಳು. ಗೆರೆಗಳ ಆಚೆ, ಒಂದು ಕಾಲೆಳೆದು ನಡೆಯುವವಳ ಚಪ್ಪಲಿಯ ಹೆಜ್ಜೆಗಳು, ನನಗೆ ಗೊತ್ತಿದ್ದ ಹೆಜ್ಜೆಗಳು, ವ್ಯಾನಿನಿಂದ ಹೊರಟು ನಮ್ಮ ಬಾಲ್ಕನಿಯ ಕೆಳಗೆ ಬಂದಿದ್ದವು. ಅಲ್ಲಿ ಎರಡೂ ಪಾದ ಜೊತೆಯಾಗಿ ನಿಂತ ಗುರುತು. ಮತ್ತೆ ವ್ಯಾನಿನವರೆಗೆ. ಅವಳು ಮೇಲೆ ನೋಡುತ್ತ ನಿಂತಾಗ ನಾನು ಎಷ್ಟನೆಯ ಮಣಿಯಲ್ಲಿದ್ದೆನೋ ಗೊತ್ತಿಲ್ಲ. ನಾನು ನೋಡುತ್ತಿದ್ದಂತೆಯೇ ಹೊಸ ಮಸಿ ಬಿದ್ದು ಹೆಜ್ಜೆಗಳು ಮುಚ್ಚಿಹೋದವು. ಶಿರಾವನ್ನು ತಟ್ಟೆಗೆ ಸುರಿದು, ಬಟ್ಟಲು ತೊಳೆದು, ಕವುಚಿಟ್ಟೆ. ಆ ಸಂಜೆ ಉಪಕಾರ ಎಣಿಸುವಾಗ ನನ್ನ ಸರದಿಯನ್ನು ಶಾಂತಿಗೆ ಬಿಟ್ಟುಕೊಟ್ಟೆ.

ವರ್ಷದ ಕೊನೆಗೆ ಬೆಂಕಿಯೆಲ್ಲ ಆರಿ ಆಕಾಶ ತೊಳೆದಿಟ್ಟ ಹಾಗಾಗಿತ್ತು. ನಮ್ಮ ಇಕಾಮಾ ಆಗಿತ್ತು. ಅಮ್ಮಾನಿನಿಂದ ಬಂದ ಯಾರೋ ಇವರ ಕೈಗೆ ಒಂದು ಕಾಗದ ತಲುಪಿಸಿದರು. ತಾಯಿ ಹೇಳಿದ್ದನ್ನು ಸಾಮಿ ಸರಳ ಇಂಗ್ಲಿಷಿನಲ್ಲಿ ಬರೆದಿದ್ದ. ನನ್ನ ಮಾತಿನಲ್ಲಿ ಅದು ಹೀಗೆ:

"ಬಿನ್ತಿ, ಮೂರು ದಿನದಿಂದ ಇಲ್ಲಿ ಹಿಮ. ಇಷ್ಟು ಬಿದ್ದದ್ದು ಮುದುಕರೂ ಕಂಡಿಲ್ಲವಂತೆ. ಬಾಗಿಲು ತೆರೆಯಲು ಬಾರದು, ರೊಟ್ಟಿ ಮುಗಿದಿತ್ತು. ಮೇಲಿನ ಮನೆಯವಳು ಕಿಟಕಿಯಿಂದ ಹಗ್ಗ ಬಿಟ್ಟು ಸಾರಿನ ಪಾತ್ರೆ ಇಳಿಸಿದಳು. ಬರಿದೇ ಹಿಂದೆ ಕಳಿಸಲು ನಾಚಿಕೆ, ಹಾಕಲು ಏನೂ ಇಲ್ಲ. ಆಗ ನೀನು ನೆನಪಾದೆ. ಕಿಟಕಿಯ ಮೇಲಿದ್ದ ಹಿಮವನ್ನೇ ತೋಡಿ ಪಾತ್ರೆ ತುಂಬಿಸಿ ಕಳಿಸಿದೆ. ಅವಳ ಮನೆಯಲ್ಲಿ ಹಿಮಕ್ಕೇನು ಕಡಿಮೆ? ಆದರೂ ಮೇಲಿನಿಂದ ಅವಳು ನಕ್ಕದ್ದು ಕೇಳಿಸಿತು. ಶಾಂತಿಗೆ ಹೇಳು, ಇದು ಬಿಳಿಯದು."

ಅಷ್ಟೇ. ಬಟ್ಟಲಿನ ಮಾತಿಲ್ಲ, ಬಾಲ್ಕನಿಯ ಮಾತಿಲ್ಲ. ಆಗ ನೀನು ನೆನಪಾದೆ ಎಂಬುದು ಕ್ಷಮೆಯೋ, ಪಾಠವೋ, ಬರಿಯ ನೆನಪೋ, ಇಂದಿಗೂ ನನಗೆ ತಿಳಿದಿಲ್ಲ. ನನ್ನ ಡಬ್ಬಿಯಲ್ಲಿ ಉಪ್ಪಿತ್ತು, ನೋಡಿ. ಅದನ್ನೇ ಹಾಕಿ ಕಳಿಸಿದ್ದರೆ ಅವಳೂ ಹೀಗೇ ನಗುತ್ತಿದ್ದಳು. ನಾನು ಉತ್ತರ ಬರೆದೆ: ನಾನು ಮನೆಯಲ್ಲಿರಲಿಲ್ಲ, ಮೆಟ್ಟಿಲ ಮೇಲಿದ್ದೆ, ಬಟ್ಟಲು ತುಂಬಿತ್ತು, ಹೆದರಿದೆ. ಮೂರು ತಿಂಗಳ ಮೇಲೆ, ಆ ವಿಳಾಸದಲ್ಲಿ ಅವರಿಲ್ಲ ಎಂಬ ಮುದ್ರೆಯೊತ್ತಿಸಿಕೊಂಡು ಆ ಕಾಗದ ನನ್ನಲ್ಲಿಗೇ ಹಿಂದಿರುಗಿತು.

ಅಂದು ಬಟ್ಟಲನ್ನು ಅಂಗಾತ ಮಾಡಿದೆ. ಕವುಚಿದ ಬಟ್ಟಲಿಗೆ ಕೊಡುವವನಾದರೂ ಹೇಗೆ ಕೊಟ್ಟಾನು? ನಾವೀಗ ಕುವೈತಿನಲ್ಲೇ ಅಬ್ಬಾಸಿಯಾದಲ್ಲಿದ್ದೇವೆ, ಇಲ್ಲಿಯ ಮರಳುಗಾಳಿಯ ಧೂಳು ರಾತ್ರಿಯಿಡೀ ಅದರೊಳಗೆ ಸಣ್ಣಗೆ ಕೂರುತ್ತದೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅದನ್ನು ಕೆಳಗಿಳಿಸಿ, ಉಮ್ ಸಾಮಿ ಕಲಿಸಿದ ಹಾಗೆ ಒಣಬಟ್ಟೆಯಿಂದ ಮೆಲ್ಲಗೆ ಒರೆಸುತ್ತೇನೆ, ಒರೆಸುತ್ತ ಅವಳ ಹೆಸರಿಗೆ ಒಂದು ನಮೋ ಮರಿಯ ಹೇಳುತ್ತೇನೆ. ಆಮೇಲೆ ಎತ್ತಿ ಹಲಗೆಯ ಮೇಲಿಡುತ್ತೇನೆ, ಎರಡೂ ಕೈಯಲ್ಲಿ, ತುಂಬಿದ ಪಾತ್ರೆಯನ್ನು ಇಡುವ ಹಾಗೆ.