ಪಕ್ಕದ ಮನೆಯ ತೊಟ್ಟಿಯ ಮೀನು

ಎಂಬತ್ತರ ದಶಕದಲ್ಲಿ ರಾಣೆಬೆನ್ನೂರಿನ ನಮ್ಮ ಪಕ್ಕದ ಮನೆಯ ಯಜಮಾನರು ಮೀನು ತಿನ್ನುವವರಲ್ಲ. ಸೊಳ್ಳೆಮರಿ ತಿನ್ನಲಿ ಎಂದು ಹಿತ್ತಿಲ ಸಿಮೆಂಟಿನ ತೊಟ್ಟಿಯಲ್ಲಿ ಒಂದು ಮೀಸೆಮೀನು ಬಿಟ್ಟುಕೊಂಡಿದ್ದರು. ಕೆರೆ ಬತ್ತಿದರೂ ಕೆಸರಿನಲ್ಲಿ ಜೀವ ಹಿಡಿದಿರುವ ಜಾತಿ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಮತ್ತೆ ತಳಕ್ಕೆ ಇಳಿಯುತ್ತಿತ್ತು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, ಧೋತರದ ಚುಂಗಿಗೆ ಕೈ ಒರೆಸಿಕೊಳ್ಳುತ್ತ, "ಎಲ್ಲಿ ಒಗದ್ರೂ ಬದಕತೈತಿ ನೋಡ್ರಿ," ಎನ್ನುತ್ತಿದ್ದರು.

ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮನೆಗೆ ಕೊಟ್ಟಿದ್ದ ಮಗಳು ಒಂದು ಮಳೆಗಾಲ ಕೈಚೀಲ ಹಿಡಿದು ಬಂದಳು. ಕೆನ್ನೆ ಬಾತಿತ್ತು. "ಅಪ್ಪಾ, ಆ ಮನ್ಯಾಗ ನಾ ಇನ್ನ ಇರೂದಿಲ್ಲ," ಅಂದಳು.

ಅವರು ತೊಟ್ಟಿಯತ್ತ ಕೈ ಮಾಡಿದರು. "ಆ ಮೀನಕ್ಕ ಇದ್ದಷ್ಟ ತಾಳ್ಮಿ ನಿನಗಿಲ್ಲೇನು?" ಸಂಜೆ ತಾವೇ ಬಸ್ಸು ಹತ್ತಿಸಿ ಬಂದರು.

ಅದೇ ವಾರ ಮಳೆಗೆ ತೊಟ್ಟಿ ತುಂಬಿ, ಮೀನು ಹೊರಬಿದ್ದು ಅಂಗಳದಲ್ಲಿ ತೆವಳುತ್ತಿತ್ತು. ಹಿಡಿದು ಮತ್ತೆ ಒಳಗೆ ಬಿಟ್ಟರು. ಇನ್ನೊಮ್ಮೆ ಹೊರಗೆ ಬರಬಾರದೆಂದು ಕಬ್ಬಿಣದ ಜಾಲರಿಯನ್ನು ನೀರಿನೊಳಕ್ಕೇ ಒತ್ತಿ ಕಲ್ಲು ಹೇರಿದರು. ಮರುದಿನ ಮೀನು ಜಾಲರಿಗೆ ಬಾಯಿ ಹಚ್ಚಿ ಸತ್ತಿತ್ತು.

"ಮೀನ ನೀರಾಗ ಹ್ಯಾಂಗ ಸಾಯತೈತ್ರಿ?" ಎಂದು ನಮ್ಮನ್ನು ಕೇಳಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಗಂಡನ ಎದುರು ಎಂದೂ ಮಾತಾಡದ ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಉಸರಾಡಾಕ ಮ್ಯಾಲ ಬರಬೇಕಿತ್ರಿ ಅದು. ನೀವ ಎಲ್ಲಿ ಬರಾಕ ಬಿಟ್ರಿ?" ಅಂದರು.

ಮುಂದಿನ ವಾರ ಯಜಮಾನರು ಇನ್ನೊಂದು ಮೀನು ತಂದರು. ಈ ಸಲ ಜಾಲರಿ ಹಾಕಲಿಲ್ಲ. ಬ್ಯಾಡಗಿಗೆ ಮಾತ್ರ ಹೋಗಲಿಲ್ಲ.