ಕಾಮಾಕುರಾದ ಬಾಗಿಲಲ್ಲಿ ಇಪ್ಪತ್ತೆಂಟು ಜೊತೆ

ಟೋಕಿಯೋದ ನಿಶಿ ಕಸಾಯಿ ಬಡಾವಣೆಯ ನಮ್ಮ ಕಟ್ಟಡದಲ್ಲಿ ಚಾಮುಂಡೇಶ್ವರಿ ಅಕ್ಕನ ಕೈಯ ಸಾರು ಉಣ್ಣದ ಬ್ರಹ್ಮಚಾರಿ ಇರಲಿಲ್ಲ. ಉಂಡವರಲ್ಲಿ ಒಬ್ಬನೂ, ನನ್ನನ್ನೂ ಸೇರಿಸಿ, ಮೈಸೂರಿನಲ್ಲಿ ಆಕೆ ಏನು ಮಾಡಿಕೊಂಡಿದ್ದರೆಂದು ಕೇಳಿರಲಿಲ್ಲ. ಉಂಡ ತಟ್ಟೆ ತೊಳೆದಿಟ್ಟು ಬರುವಷ್ಟು ಸಂಸ್ಕಾರ ನಮಗಿತ್ತು, ಅಷ್ಟೇ.

ಆಕೆ ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ವರ್ಷವರ್ಷವೂ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಸೋಮನಾಥಪುರ, ಶ್ರೀರಂಗಪಟ್ಟಣ ತೋರಿಸಿ, ಒಂದು ತಲೆಯೂ ಕಡಿಮೆಯಾಗದಂತೆ ಮನೆ ಮುಟ್ಟಿಸಿದವರು. ತೊಂಬತ್ತೆಂಟರಲ್ಲಿ ಗಂಡ ಸತ್ಯನಾರಾಯಣ ಅವರನ್ನು ಕಂಪನಿ ವೈ-ಟೂ-ಕೆ ಕೆಲಸಕ್ಕೆಂದು ಟೋಕಿಯೋಗೆ ಕಳಿಸಿತು. ಇವರು ರಾಜೀನಾಮೆ ಬರೆದುಕೊಟ್ಟು ಹಿಂದೆಯೇ ಬಂದರು. ಎರಡು ಸಾವಿರದ ಇಸವಿ ಬಂತು, ಕಂಪ್ಯೂಟರುಗಳು ಕೈಕೊಡಲಿಲ್ಲ, ಗಂಡನಿಗೆ ಶಭಾಷ್‌ಗಿರಿ ಸಿಕ್ಕಿತು. ಅಕ್ಕನಿಗೆ ಸಿಕ್ಕಿದ್ದು ಎರಡು ಕೋಣೆಯ ಮನೆ ಮತ್ತು ಬೇಕಾದಷ್ಟು ಹೊತ್ತು. ಆ ಹೊತ್ತಿನಲ್ಲಿ ಆಕೆ ವಾರ್ಡ್ ಆಫೀಸಿನ ಪುಕ್ಕಟೆ ಕ್ಲಾಸಿಗೆ ಹೋಗಿ, ಪೇಪರ್ ಓದುವಷ್ಟು ಜಪಾನಿ ಕಲಿತರು. ದಿನಾ ಆಫೀಸಿನಲ್ಲಿ ಜಪಾನಿಗಳ ಮಧ್ಯೆಯೇ ಕೂರುವ ನಮಗೆ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎನ್ನುವುದು ಬಿಟ್ಟರೆ ಹೆಚ್ಚೇನೂ ಬರುತ್ತಿರಲಿಲ್ಲ.

ಒಂದು ಏಪ್ರಿಲ್‌ನಲ್ಲಿ ಮಿಯಾತಾ ಸಾನ್ ಎಂಬವರು ಆಕೆಗೆ ಸಿಕ್ಕರು. ಒಂದು ಸಣ್ಣ ಪ್ರವಾಸ ಕಂಪನಿಯ ಗೈಡ್, ಐವತ್ತರ ಆಸುಪಾಸಿನ ಮನುಷ್ಯ, ಕೈಯಲ್ಲಿ ಸದಾ ಹಳದಿ ಬಾವುಟ. ಜೂನ್ ತಿಂಗಳಿಂದ ಬೆಂಗಳೂರಿನ ಪ್ರವಾಸಿಗರ ತಂಡಗಳು ಬರಲಿದ್ದವು. ತಮ್ಮ ಮಾತನ್ನು ಕನ್ನಡಕ್ಕೆ ತಿರುಗಿಸುವವರೊಬ್ಬರು ಅವರಿಗೆ ಬೇಕಾಗಿತ್ತು. ಮೊದಲು ಒಂದು ದಿನದ ಪರೀಕ್ಷೆ: ನಮ್ಮ ಕಟ್ಟಡದವರನ್ನೇ ಹಳೆಯ ದೇವಾಲಯಗಳ ಊರಾದ ಕಾಮಾಕುರಾಕ್ಕೆ ಕರೆದುಕೊಂಡು ಹೋಗಬೇಕು, ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಬೇಕು. ನಡೆದರೆ ಕೆಲಸ ಅಕ್ಕನದು.

"ನಿತೀಶ್, ನೀನು ಕೊನೇಲಿರಪ್ಪ. ದಾರೀಲಿ ಕೊಂಬಿನಿ ಅಂಗಡಿ ಕಂಡ್ರೆ ಯಾರೂ ತಿಂಡಿಗೆ ಅಂತ ಒಳಗೆ ನುಗ್ಗದ ಹಾಗೆ ನೋಡ್ಕೋ. ಪ್ಲೀಸ್, ಇವತ್ತೊಂದು ದಿನ," ಎಂದು ಬಸ್ಸು ಹತ್ತುವಾಗ ನನ್ನ ಕೈ ಹಿಡಿದುಕೊಂಡರು.

ಅಕ್ಕನೂ ಸೇರಿ ನಾವು ಇಪ್ಪತ್ತೆಂಟು ಜನ. ಬೆಳಗ್ಗೆ ಆಕೆಯನ್ನು ನೋಡಬೇಕಿತ್ತು. ಮಹಾಬುದ್ಧನ ಎದುರು ನಿಂತು, ಮಿಯಾತಾ ಸಾನ್ ಎರಡು ವಾಕ್ಯ ಹೇಳಿದರೆ ಅದಕ್ಕೆ ನಮ್ಮ ಶ್ರವಣಬೆಳಗೊಳವನ್ನು ಜೋಡಿಸಿ, ಗಲಾಟೆ ಮಾಡುತ್ತಿದ್ದ ಮಕ್ಕಳನ್ನು ಹುಬ್ಬಿನಲ್ಲೇ ಸುಮ್ಮನಾಗಿಸಿ, ಹತ್ತೂ ನಲವತ್ತಕ್ಕೆ ಎಲ್ಲರನ್ನೂ ಬಸ್ಸಿನಲ್ಲಿ ಕೂರಿಸಿದರು. ಕನ್ನಡದವರು ಇಪ್ಪತ್ತೆಂಟು ಜನ ಹೇಳಿದ ಹೊತ್ತಿಗೆ ಬಸ್ಸು ಹತ್ತಿದ್ದನ್ನು ನಾನು ಅದೇ ಮೊದಲು ಕಂಡದ್ದು. ಮಿಯಾತಾ ಸಾನ್ ಗಡಿಯಾರ ನೋಡಿ ತಲೆಯಾಡಿಸಿದರು. ನನಗೇ ಹೆಮ್ಮೆಯಾಯಿತು.

ಮಧ್ಯಾಹ್ನ ಗುಡ್ಡದ ಮೇಲಿನ ಒಂದು ದೇವಾಲಯ. ಮಿಯಾತಾ ಸಾನ್ ಟಿಕೆಟ್ ಕೊಂಡು ಮುಂದೆ ಹೋದರು. ಹೆಬ್ಬಾಗಿಲಿನ ಎರಡೂ ಕಡೆ ಕಣ್ಣು ಕೆಕ್ಕರಿಸಿ ನಿಂತ ಮರದ ಕಾವಲು ಮೂರ್ತಿಗಳಿದ್ದವು. "ಇವ್ರು ನಮ್ಮ ದ್ವಾರಪಾಲಕರ ಸಂಬಂಧಿಕರೇ ಕಣ್ರೋ," ಎಂದರು ಅಕ್ಕ. ಹಾಗೆನ್ನುತ್ತಲೇ ಕೈಮುಗಿದು, ಶೂ ಬಿಚ್ಚಿ ಪಕ್ಕಕ್ಕಿಟ್ಟು ಒಳಗೆ ನಡೆದರು. ಆಕೆ ಅದನ್ನು ಯೋಚಿಸಿ ಮಾಡಲಿಲ್ಲ. ದೇವಸ್ಥಾನದ ಬಾಗಿಲು ಕಂಡರೆ ನಮ್ಮ ಕಾಲು ತಾನಾಗಿ ಬರಿದಾಗುತ್ತದೆ. ಹಿಂದಿದ್ದ ನಾವೂ ಬಿಚ್ಚಿದೆವು. ಜಪಾನಿನವರು ನಮ್ಮನ್ನು ನೋಡಿ ನೋಡದ ಹಾಗೆ, ಶೂ ಹಾಕಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಅವರೇಕೆ ಬಿಚ್ಚಿಲ್ಲ ಎಂದು ನಮ್ಮಲ್ಲಿ ಒಬ್ಬನಿಗಾದರೂ ಅನ್ನಿಸಬೇಡವೇ? ನನಗೂ ಅನ್ನಿಸಲಿಲ್ಲ.

ನೂರು ಮೆಟ್ಟಿಲ ಮೇಲಿನ ಮಂಟಪದ ಬಾಗಿಲಲ್ಲಿ ಒಬ್ಬಾಕೆ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ತೆಗೆದುಕೊಂಡು, ಮಡಿಸಿ ಜೇಬಿಗೆ ಹಾಕಿಕೊಂಡೆವು. ಮಂಟಪವನ್ನು ಹಿಂಬಾಗಿಲಿನಿಂದ ದಾಟಿದಾಗಲೇ ಗೊತ್ತಾದದ್ದು. ಜಪಾನಿನವರೆಲ್ಲ ಅದೇ ಚೀಲದಿಂದ ಶೂ ಹೊರತೆಗೆದು ಹಾಕಿಕೊಳ್ಳುತ್ತಿದ್ದರು. ಬಂದ ದಾರಿಯಲ್ಲಿ ವಾಪಸು ಹೋಗುವಂತಿರಲಿಲ್ಲ. ಹೊರಗೆ ಹೋಗುವುದು ಗುಡ್ಡದ ಆಚೆ ಕಡೆ. ನಮ್ಮ ಬಸ್ಸು ಅಲ್ಲಿ ಕಾಯುತ್ತಿತ್ತು, ಎಂಟು ನಿಮಿಷದಲ್ಲಿ ಜಾಗ ಬಿಡಬೇಕಿತ್ತು. ನಮ್ಮ ಇಪ್ಪತ್ತೆಂಟು ಜೊತೆ ಈಚೆ ಕಡೆಯ ಹೆಬ್ಬಾಗಿಲಲ್ಲಿದ್ದವು.

ಆಚೆ ಕಾಯುತ್ತಿದ್ದ ಮಿಯಾತಾ ಸಾನ್ ನಮ್ಮ ಕಾಲುಚೀಲಗಳನ್ನು ನೋಡಿದರು. ಬಾವುಟ ಕೆಳಗಿಳಿಯಿತು.

"ಮಕ್ಕಳು ಬಿಚ್ಚಿದ್ರು, ಅದನ್ನ ನೋಡಿ ನಾವೂ ಬಿಚ್ಚಿದ್ವಿ ಅಂತ ಹೇಳ್ಬಿಡಿ ಮೇಡಂ," ಎಂದು ಪಿಸುಗುಟ್ಟಿದರು ಮೂರನೇ ಮಹಡಿಯ ಜಯಂತ.

"ನೋ ಅಪ್ಪಾ, ಆಂಟಿ ರಿಮೂವ್ಡ್ ಫಸ್ಟ್!" ಎಂದಳು ಅವರ ಏಳು ವರ್ಷದ ಮಗಳು ಕೃಪಾ, ಗುಡ್ಡವೆಲ್ಲ ಕೇಳುವಂತೆ.

"ಹೌದಮ್ಮ, ನಾನೇ," ಎಂದರು ಅಕ್ಕ. ಮಿಯಾತಾ ಸಾನ್ ಎದುರು ಹೋಗಿ ಸೊಂಟದವರೆಗೆ ಬಾಗಿದರು. ಆ ದಿನದ ಜಪಾನಿ ಮಾತನ್ನೆಲ್ಲ ಆಮೇಲೆ ನನಗೆ ಬಿಡಿಸಿ ಹೇಳಿದ್ದು ಆಕೆಯೇ. ಆಗ ಅಂದದ್ದು ಇಷ್ಟು: ಮೊದಲು ಬಿಚ್ಚಿದವಳು ನಾನು, ದಾರಿ ತೋರಿಸಬೇಕಾದವಳೂ ನಾನು, ಇವರ ತಪ್ಪು ಏನೂ ಇಲ್ಲ. ಆಮೇಲೆ ನಮ್ಮ ಜೇಬುಗಳಿಂದ ಚೀಲಗಳನ್ನೆಲ್ಲ ವಸೂಲಿ ಮಾಡಿದರು. "ಬಾ ನಿತೀಶ್."

ಮಂಟಪದಾಕೆಯ ಅಪ್ಪಣೆ ಕೇಳಿ, ಹತ್ತಿ ಬರುತ್ತಿದ್ದ ಜನದ ಎದುರಿಗೆ ನಾವಿಬ್ಬರೂ ಇಳಿದೆವು. ಸಿಕ್ಕಸಿಕ್ಕವರಿಗೆಲ್ಲ ಸುಮಿಮಾಸೆನ್. ಇಪ್ಪತ್ತೆಂಟು ಜೊತೆ ತುಂಬಿಕೊಂಡು ಮತ್ತೆ ಹತ್ತಿದೆವು. ಅಕ್ಕನ ಸೀರೆಯ ಅಂಚು ಮಣ್ಣಾಗಿತ್ತು. ಎಲ್ಲ ಮುಗಿಯುವಾಗ ನಲವತ್ತು ನಿಮಿಷ ಹೋಗಿತ್ತು. ಬಸ್ಸು ಜಾಗ ಬಿಟ್ಟು ಊರು ಸುತ್ತುತ್ತಿತ್ತು, ನೋಡಬೇಕಿದ್ದ ಕೊನೆಯ ದೇವಾಲಯ ತಪ್ಪಿಹೋಯಿತು.

ವಾಪಸು ಬರುವಾಗ ಆಕೆ ಕಿಟಕಿ ಕಡೆ ಮುಖ ಮಾಡಿ ಅತ್ತರು. "ಹೋಗ್ಲಿ ಬಿಡು ಚಾಮುಂಡಿ. ನಿಂಗ್ಯಾಕೆ ಬೇಕಿತ್ತು ಇದೆಲ್ಲ?" ಎಂದರು ಸತ್ಯನಾರಾಯಣ. ಒಳ್ಳೆಯ ಮನುಷ್ಯ, ಸಮಾಧಾನ ಮಾಡಲೆಂದೇ ಅಂದದ್ದು. ಆದರೂ ನನಗೆ ಮೈಯೆಲ್ಲ ಉರಿಯಿತು.

"ಬೇಕಿತ್ತು ರೀ," ಎಂದರು ಅಕ್ಕ, ತಿರುಗದೆ. "ನಂಗೆ ಬೇಕಿತ್ತು."

ಮಿಯಾತಾ ಸಾನ್ ಅಭಿಪ್ರಾಯ ಬರೆಯುವ ಹಾಳೆ ಹಂಚಿದರು. ಇಲ್ಲಿ ಪ್ರವಾಸ ಮುಗಿದರೆ ಅದೊಂದು ಶಾಸ್ತ್ರ. ನಾವೆಲ್ಲ ಅಕ್ಕನ ಮೇಲಿನ ಮರುಕದಿಂದ ವೆರಿ ಗುಡ್ ಎಂದೇ ಗೀಚಿದೆವು. ಮಿಯಾತಾ ಸಾನ್ ಆ ಹಾಳೆಗಳನ್ನು ಓದದೆ ತಮ್ಮ ಕೈಚೀಲಕ್ಕೆ ಸೇರಿಸಿದರು. ಅಕ್ಕ ಮಾತ್ರ ಕಣ್ಣೊರೆಸಿಕೊಂಡು ಜಪಾನಿಯಲ್ಲಿ ಬರೆಯತೊಡಗಿದರು, ಹಾಳೆ ತಿರುವಿ ಹಿಂಬದಿಗೂ ಬರೆದರು: ನಮ್ಮವರು ದೇವಸ್ಥಾನದ ಹೊರಬಾಗಿಲಲ್ಲೇ ಕಾಲು ಬರಿದು ಮಾಡುತ್ತಾರೆ, ಬೇಡವೆಂದರೂ ಅರ್ಧ ಜನ ಮಾಡಿಯೇ ಮಾಡುತ್ತಾರೆ, ಆದ್ದರಿಂದ ಚೀಲವನ್ನು ಅಲ್ಲೇ ಕೊಡಬೇಕು. ಅದನ್ನು ಮಿಯಾತಾ ಸಾನ್ ಎರಡು ಸಲ ಓದಿದರು.

ನಿಶಿ ಕಸಾಯಿಯಲ್ಲಿ ಎಲ್ಲರೂ ಇಳಿದರು. ಕೊನೆಗೆ ಅಕ್ಕ ಇಳಿದು, ಮತ್ತೊಮ್ಮೆ ಬಾಗಿ ಕ್ಷಮೆ ಕೇಳಿ ಹೊರಟರು. ಮಿಯಾತಾ ಸಾನ್ ಹಿಂದಿನಿಂದ ಕರೆದರು.

"ಜೂನ್‌ನಲ್ಲಿ ಬರುವವರು ನಲವತ್ತು ಜನ. ಎಷ್ಟು ಚೀಲ ತರಿಸಲಿ?"

ಅಕ್ಕ ತಿರುಗಿ ಬಸ್ಸಿನ ಬಾಗಿಲಿಗೆ ಬಂದರು. ಆಮೇಲೆ ಹೈಸ್ಕೂಲಿನ ದನಿಯಲ್ಲಿ ಹೇಳಿದರು:

"ನಲವತ್ತೆರಡು. ನಾನೂ ಬಿಚ್ಚುತ್ತೇನೆ. ನನ್ನ ಜೊತೆ ನೀವೂ ಬಿಚ್ಚಬೇಕು."